ವೈರಸ್ ಬೆಳವಣಿಗೆಯ ರೇಖೆಗೂ ರೋಗದ ತೀವ್ರತೆಗೂ ಇರುವ ಸಂಬಂಧವೇನು?

ಹೊಸಓದು ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ವೈರಸ್‌ಗಳು ಜೀವಕೋಶದೊಳಗೆ ಹೇಗೆ ವೃದ್ಧಿಯಾಗುತ್ತವೆ ಮತ್ತು ಆ ವೃದ್ಧಿ ರೋಗವಾಗಿ ಹೇಗೆ ಪರಿಣಮಿಸುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಕಂಡುಕೊಳ್ಳುವ ಬಗೆಯ ಕುರಿತು ತರಗತಿಯಲ್ಲಿ ಸೆಮಿನಾರ್ ನೀಡಬೇಕಾಗಿದೆ. ಓದುತ್ತಾ ಹೋದಂತೆ ಮೂರು ಗೊಂದಲಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಬಿಡಿಸಲು ಹೋದರೆ ಇನ್ನೊಂದು ಬಿಗಿಯಾಗುತ್ತಿದೆ.

ಮೊದಲನೆಯದು ಏಕಹಂತದ ಬೆಳವಣಿಗೆಯ ರೇಖೆಗೆ, ಅಂದರೆ ವೃದ್ಧಿಯ ಒಂದೇ ಸುತ್ತಿನಲ್ಲಿ ವೈರಸ್ ಕಣಗಳ ಸಂಖ್ಯೆ ಹೊತ್ತಿನಿಂದ ಹೊತ್ತಿಗೆ ಹೇಗೆ ಬದಲಾಗುತ್ತದೆಂದು ತೋರಿಸುವ ನಕ್ಷೆಗೆ, ಸಂಬಂಧಿಸಿದ್ದು. ಕೋಶಗಳಿಗೆ ವೈರಸ್ ಸೇರಿಸಿದ ನಂತರದ ಆರಂಭದ ಅವಧಿಯಲ್ಲಿ ಸೋಂಕುಕಾರಕ ಕಣಗಳ ಸಂಖ್ಯೆ ಬಹುತೇಕ ಶೂನ್ಯಕ್ಕೆ ಇಳಿಯುವಂತೆ ಒಂದು ಪುಸ್ತಕದಲ್ಲಿ ಚಿತ್ರಿಸಲಾಗಿದೆ. ಇನ್ನೊಂದರಲ್ಲಿ ಅದೇ ಅವಧಿಯಲ್ಲಿ ರೇಖೆ ಸಮತಟ್ಟಾಗಿ ಸಾಗುತ್ತದೆ. ಇವೆರಡರಲ್ಲಿ ಯಾವುದು ಸರಿ? ಎರಡನೆಯದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಣಿಸಿದ ಕಣಗಳ ಸಂಖ್ಯೆಗೂ ಪ್ಲೇಕ್ ಪರೀಕ್ಷೆಯಲ್ಲಿ (ಕೋಶಗಳ ಪದರದಲ್ಲಿ ವೈರಸ್ ಕೋಶಗಳನ್ನು ಕೊಂದ ಜಾಗಗಳನ್ನು, ಅಂದರೆ ಪ್ಲೇಕ್‌ಗಳನ್ನು, ಎಣಿಸುವ ಪರೀಕ್ಷೆ) ದೊರೆಯುವ ಸಂಖ್ಯೆಗೂ ನೂರಾರು ಪಟ್ಟು ವ್ಯತ್ಯಾಸವಿರುತ್ತದೆ ಎನ್ನುತ್ತಾರೆ. ಹಾಗಾದರೆ ಒಂದು ಕೋಶಕ್ಕೆ ಸೋಂಕು ತಗಲಲು ನೂರಾರು ಕಣಗಳು ಬೇಕೆಂದು ಅರ್ಥವೇ? ಮೂರನೆಯದೇ ನನಗೆ ಮುಖ್ಯವಾದದ್ದು: ತಟ್ಟೆಯಲ್ಲಿ ಚೆನ್ನಾಗಿ ಬೆಳೆಯುವ ವೈರಸ್ ಪ್ರಾಣಿಯಲ್ಲಿ ತೀವ್ರ ರೋಗವನ್ನು ಉಂಟುಮಾಡದಿರುವುದೂ, ಅದಕ್ಕೆ ವಿರುದ್ಧವಾದುದೂ ಸಾಧ್ಯವೆಂದರೆ, ಬೆಳವಣಿಗೆಯನ್ನು ಅಳೆಯುವುದರಿಂದ ರೋಗದ ಬಗ್ಗೆ ನಮಗೆ ತಿಳಿಯುವುದಾದರೂ ಏನು?

ಫೇಜ್‌ಪ್ರಿಯ ಅವರ ಉತ್ತರ:

ನೀವು ನೋಡಿದ ಎರಡೂ ಚಿತ್ರಗಳು ಸರಿಯಾಗಿವೆ. ಅವು ಎರಡು ಬೇರೆ ಪ್ರಯೋಗಗಳ ಚಿತ್ರಗಳು. ಹೆಚ್ಚಿನ ಪಠ್ಯಪುಸ್ತಕಗಳು ಈ ಸಂಗತಿಯನ್ನು ಹೇಳದೆ ಮುಂದೆ ಸಾಗುವುದರಿಂದ ಪ್ರತಿ ವರ್ಷವೂ ಯಾರಾದರೊಬ್ಬರು ಇದೇ ಪ್ರಶ್ನೆಯಲ್ಲಿ ಸಿಲುಕಿಕೊಳ್ಳುತ್ತಾರೆ.

1939ರಲ್ಲಿ ಎಮೊರಿ ಎಲ್ಲಿಸ್ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಅವರು ಬ್ಯಾಕ್ಟೀರಿಯೊಫೇಜ್‌ಗಳ (ಬ್ಯಾಕ್ಟೀರಿಯಾಗಳಿಗೆ ಸೋಂಕು ತಗಲಿಸುವ ವೈರಸ್‌ಗಳು, ಚಿಕ್ಕದಾಗಿ ಫೇಜ್) ಮೇಲೆ ಮಾಡಿದ ಪ್ರಯೋಗದ ಜಾಣ್ಮೆಯೆಲ್ಲ ಇದ್ದದ್ದು ದ್ರಾವಣವನ್ನು ತೆಳುಗೊಳಿಸಿದ್ದರಲ್ಲಿ. ಫೇಜ್‌ಗಳು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳಲು ಕೆಲವು ನಿಮಿಷಗಳ ಅವಕಾಶ ಕೊಟ್ಟು, ಆಮೇಲೆ ಮಿಶ್ರಣವನ್ನು ವಿಪರೀತವಾಗಿ ತೆಳುಗೊಳಿಸಿದರೆ, ಹೊರಬರುವ ಹೊಸ ಫೇಜ್‌ಗಳಿಗೆ ಮತ್ತೊಂದು ಬ್ಯಾಕ್ಟೀರಿಯಾ ಎದುರಾಗುವ ಸಂಭವವೇ ಇರುವುದಿಲ್ಲ. ಹೀಗೆ ವೃದ್ಧಿಯ ಒಂದೇ ಒಂದು ಸುತ್ತನ್ನು ಬೇರ್ಪಡಿಸಿ ನೋಡಲು ಸಾಧ್ಯವಾಯಿತು. ಅವರು ಕಾಲಕಾಲಕ್ಕೆ ತೆಗೆದ ಮಾದರಿಯನ್ನು ಹಾಗೆಯೇ ಬ್ಯಾಕ್ಟೀರಿಯಾಗಳ ಪದರದ ಮೇಲೆ ಹರಡಿದರು. ಸೋಂಕು ತಗಲಿದ ಬ್ಯಾಕ್ಟೀರಿಯಾ ಅಲ್ಲಿ ಒಡೆದು ಒಂದು ಪ್ಲೇಕ್ ಮೂಡಿಸುತ್ತದೆ. ಅದರೊಳಗೆ ಆ ಕ್ಷಣದಲ್ಲಿ ಎಷ್ಟು ಫೇಜ್‌ಗಳಿದ್ದರೂ, ಒಂದೂ ಇಲ್ಲದಿದ್ದರೂ, ಎಣಿಕೆಗೆ ಸಿಗುವುದು ಒಂದೇ. ಆದ್ದರಿಂದ ರೇಖೆ ಸುಮಾರು ಅರ್ಧ ಗಂಟೆಯವರೆಗೆ ಸಮತಟ್ಟಾಗಿ ಸಾಗಿ, ಬ್ಯಾಕ್ಟೀರಿಯಾಗಳು ಒಡೆಯತೊಡಗಿದೊಡನೆ ಹತ್ತಾರು ಪಟ್ಟು ಮೇಲೇರುತ್ತದೆ.

ಇಳಿಯುವ ರೇಖೆ ಬಂದದ್ದು ಕೋಶವನ್ನು ಅವಧಿಗೆ ಮೊದಲೇ ಒಡೆದು ನೋಡಿದಾಗ. ಅಗಸ್ಟ್ ಡೋರ್‌ಮನ್ ಅವರು 1952ರಲ್ಲಿ ವಿವರವಾಗಿ ತೋರಿಸಿದಂತೆ, ಸೋಂಕು ತಗಲಿದ ಬ್ಯಾಕ್ಟೀರಿಯಾಗಳನ್ನು ಮೊದಲ ಕೆಲವು ನಿಮಿಷಗಳಲ್ಲಿ ಕೃತಕವಾಗಿ ಒಡೆದರೆ ಒಳಗೆ ಒಂದೂ ಸೋಂಕುಕಾರಕ ಫೇಜ್ ಸಿಗುವುದಿಲ್ಲ. ಒಳಹೊಕ್ಕ ಫೇಜ್ ಕೂಡ ಮರಳಿ ದೊರೆಯುವುದಿಲ್ಲ. ಇದನ್ನೇ ಎಕ್ಲಿಪ್ಸ್ ಅವಧಿ ಎನ್ನುತ್ತಾರೆ. ಅದೇ ವರ್ಷ ಆಲ್ಫ್ರೆಡ್ ಹರ್ಷೆ ಮತ್ತು ಮಾರ್ಥಾ ಚೇಸ್ ಅವರು ವಿಕಿರಣಶೀಲ ಗಂಧಕದಿಂದ ಪ್ರೋಟೀನನ್ನೂ ವಿಕಿರಣಶೀಲ ರಂಜಕದಿಂದ ಡಿಎನ್‌ಎಯನ್ನೂ ಗುರುತಿಸಿ, ಗಂಧಕದ ಬಹುಪಾಲು ಕೋಶದ ಹೊರಗೇ ಉಳಿದು ರಂಜಕದ ಬಹುಪಾಲು ಒಳಸೇರುತ್ತದೆಂದು ತೋರಿಸಿದರು. ಎರಡನ್ನೂ ಒಟ್ಟಿಗೆ ಓದಿದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಬ್ಯಾಕ್ಟೀರಿಯಾ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ವೈರಸ್ ಹಾಗೆ ಬೆಳೆಯುವುದಿಲ್ಲ. ಅದು ತನ್ನ ಹೊದಿಕೆಯನ್ನು ಕಳಚಿ, ಕಣವೆಂಬ ರೂಪವನ್ನೇ ಕಳೆದುಕೊಂಡು, ಆತಿಥೇಯ ಕೋಶದ ಸಲಕರಣೆಗಳಿಂದ ತನ್ನ ಭಾಗಗಳನ್ನು ಬೇರೆ ಬೇರೆಯಾಗಿ ಮಾಡಿಸಿಕೊಂಡು, ಕೊನೆಯಲ್ಲಿ ಅವೆಲ್ಲ ಒಟ್ಟಿಗೆ ಜೋಡಣೆಯಾಗುತ್ತವೆ. ರೇಖೆಯ ಆ ತಗ್ಗು ಈ ಕ್ರಮಕ್ಕೆ ನೇರ ಸಾಕ್ಷಿ.

ಪ್ರಾಣಿಗಳ ವೈರಸ್‌ಗಳಲ್ಲಿ ಕೋಶದೊಳಗಿನ ಪ್ರಮಾಣವನ್ನೂ ಹೊರಗಿನ ದ್ರವದ ಪ್ರಮಾಣವನ್ನೂ ಪ್ರತ್ಯೇಕವಾಗಿ ಅಳೆದರೆ ಇನ್ನೂ ಹೆಚ್ಚಿನ ವಿಷಯ ತಿಳಿಯುತ್ತದೆ. ಕೋಶ ಒಡೆದಾಗಲೇ ಬಹುಪಾಲು ಹೊರಬರುವ ಪೋಲಿಯೊ ವೈರಸ್‌ನಲ್ಲಿ ಎರಡು ರೇಖೆಗಳ ನಡುವೆ ದೊಡ್ಡ ಅಂತರವಿರುತ್ತದೆ. ಕೋಶಪೊರೆಯಿಂದ ಮೊಗ್ಗಿನಂತೆ ಕಳಚಿಕೊಂಡು ಹೊರಬರುವ ಇನ್‌ಫ್ಲುಯೆಂಜಾದಲ್ಲಿ ಆ ಅಂತರ ಕಿರಿದು.

ಸೆಮಿನಾರ್‌ನಲ್ಲಿ ತಪ್ಪದೆ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಏಕಹಂತದ ರೇಖೆ ಸಿಗಬೇಕಾದರೆ ಎಲ್ಲ ಕೋಶಗಳಿಗೂ ಒಟ್ಟಿಗೆ ಸೋಂಕು ತಗಲಬೇಕು. ಕೋಶವೊಂದಕ್ಕೆ ಸರಾಸರಿ ಒಂದು ಸೋಂಕುಕಾರಕ ಕಣದಂತೆ ಸೇರಿಸಿದರೆ ಎಲ್ಲ ಕೋಶಗಳಿಗೂ ಒಂದೊಂದು ದಕ್ಕುವುದಿಲ್ಲ. ಯಾದೃಚ್ಛಿಕ ಹಂಚಿಕೆಯ ಲೆಕ್ಕ ಹೇಳುವ ಪಾಯ್ಸನ್ ವಿತರಣೆಯ ಪ್ರಕಾರ ಶೇಕಡಾ 37ರಷ್ಟು ಕೋಶಗಳು ಸೋಂಕಿಲ್ಲದೆ ಉಳಿಯುತ್ತವೆ. ಸರಾಸರಿಯನ್ನು ಐದಕ್ಕೆ ಏರಿಸಿದಾಗ ಮಾತ್ರ ಆ ಪ್ರಮಾಣ ಶೇಕಡಾ ಒಂದಕ್ಕಿಂತ ಕೆಳಗಿಳಿಯುತ್ತದೆ. ಹಾಗೆಂದು ಯಾವಾಗಲೂ ಹೆಚ್ಚು ಸುರಿಯುವುದೂ ಸರಿಯಲ್ಲ. ಇನ್‌ಫ್ಲುಯೆಂಜಾ ವೈರಸ್ಸನ್ನು ತೆಳುಗೊಳಿಸದೆ ಮತ್ತೆ ಮತ್ತೆ ಬೆಳೆಸಿದರೆ ಜೀನೋಮಿನ (ವೈರಸ್ಸಿನ ಇಡೀ ಅನುವಂಶಿಕ ವಸ್ತು) ತುಂಡುಗಳು ಬಿಟ್ಟುಹೋದ ದೋಷಯುಕ್ತ ಕಣಗಳು ಹೆಚ್ಚುತ್ತಾ, ಪೂರ್ಣ ಕಣಗಳ ವೃದ್ಧಿಗೇ ಅಡ್ಡಿಯಾಗುತ್ತವೆ. ಪ್ರೆಬೆನ್ ಫಾನ್ ಮಾಗ್ನಸ್ ಅವರು ಗುರುತಿಸಿದ ಈ ವಿದ್ಯಮಾನದಿಂದಾಗಿಯೇ ದಾಸ್ತಾನು ವೈರಸ್ಸನ್ನು ಬೆಳೆಸುವಾಗ ನೂರು ಕೋಶಗಳಿಗೆ ಒಂದು ಕಣ, ಅಥವಾ ಅದಕ್ಕಿಂತಲೂ ಕಡಿಮೆ ಸೇರಿಸುವ ರೂಢಿಯಿದೆ.

ಕೋಶಕೃಷಿಕ ಅವರ ಉತ್ತರ:

ಎರಡನೆಯ ಪ್ರಶ್ನೆಗೆ ನೇರ ಉತ್ತರ: ಬೇಡ, ಒಂದೇ ಕಣ ಸಾಕು. ಅದು ನಮಗೆ ಹೇಗೆ ಗೊತ್ತು ಎಂಬುದೇ ಸ್ವಾರಸ್ಯಕರವಾದ ಭಾಗ.

ರೆನಾಟೊ ಡುಲ್ಬೆಕೊ ಅವರು 1952ರಲ್ಲಿ ಪ್ರಾಣಿಗಳ ವೈರಸ್‌ಗಳಿಗೂ ಪ್ಲೇಕ್ ವಿಧಾನವನ್ನು ಅಳವಡಿಸಿದರು. ತಟ್ಟೆಯ ತಳದಲ್ಲಿ ಒಂದೇ ಪದರವಾಗಿ ಬೆಳೆದ ಕೋಶಗಳಿಗೆ ವೈರಸ್ ಸೇರಿಸಿ, ಮೇಲೆ ಲೋಳೆಯಂತೆ ಹೆಪ್ಪುಗಟ್ಟುವ ಅಗಾರ್ ಹಾಕಿದರೆ ಹೊಸ ಕಣಗಳು ದೂರಕ್ಕೆ ಹರಡಲಾರದೆ ನೆರೆಯ ಕೋಶಗಳನ್ನಷ್ಟೇ ಮುಟ್ಟುತ್ತವೆ. ಕೋಶಗಳು ಸತ್ತ ಜಾಗ, ಬಣ್ಣ ಹಾಕಿದಾಗ, ಬಿಳಿಯ ವೃತ್ತವಾಗಿ ಕಾಣುತ್ತದೆ. ವೈರಸ್ ದ್ರಾವಣವನ್ನು ಅರ್ಧಕ್ಕೆ ತೆಳುಗೊಳಿಸಿದಾಗ ಪ್ಲೇಕ್‌ಗಳ ಸಂಖ್ಯೆಯೂ ಸರಿಯಾಗಿ ಅರ್ಧಕ್ಕೆ ಇಳಿದರೆ, ಪ್ರತಿ ಪ್ಲೇಕ್ ಒಂದೊಂದು ಕಣದಿಂದಲೇ ಶುರುವಾಗಿದೆ ಎಂದರ್ಥ. ಎರಡು ಕಣಗಳು ಒಟ್ಟಿಗೆ ಬೇಕಾಗಿದ್ದರೆ ಸಂಖ್ಯೆ ಕಾಲುಭಾಗಕ್ಕೆ ಕುಸಿಯಬೇಕಿತ್ತು. ಬಹುಪಾಲು ಪ್ರಾಣಿ ವೈರಸ್‌ಗಳಲ್ಲಿ ಕಾಣುವುದು ಮೊದಲನೆಯ ಬಗೆಯ ಇಳಿಕೆ. ಜೀನೋಮಿನ ತುಂಡುಗಳನ್ನು ಬೇರೆ ಬೇರೆ ಕಣಗಳಲ್ಲಿ ಹಂಚಿಟ್ಟುಕೊಂಡ ಕೆಲವು ಸಸ್ಯ ವೈರಸ್‌ಗಳು ಇದಕ್ಕೆ ಅಪವಾದ.

ಹಾಗಾದರೆ ಉಳಿದ ನೂರಾರು ಕಣಗಳು ಏನಾದವು? ಕೆಲವು ಜೋಡಣೆಯ ಹಂತದಲ್ಲೇ ಕೆಟ್ಟವು, ಕೆಲವು ಮಾರಕ ರೂಪಾಂತರಗಳನ್ನು ಹೊತ್ತವು. ಎಷ್ಟೋ ಕಣಗಳು ಸರಿಯಾಗಿದ್ದರೂ ಕೋಶಕ್ಕೆ ಅಂಟಿದ ಮೇಲೆ ಯಾವುದೋ ಒಂದು ಹಂತದಲ್ಲಿ ಎಡವುತ್ತವೆ. ಆದ್ದರಿಂದ ಪ್ಲೇಕ್ ಸಂಖ್ಯೆಯನ್ನು ವೈರಸ್ಸಿನ ಸ್ವಂತ ಗುಣವೆಂದು ಭಾವಿಸಬಾರದು. ಅದು ಆ ವೈರಸ್, ಆ ಕೋಶ ಮತ್ತು ಆ ಪರಿಸ್ಥಿತಿ ಮೂರೂ ಸೇರಿ ಕೊಡುವ ಅಂಕಿ. ನಾಯಿಯ ಮೂತ್ರಪಿಂಡದಿಂದ ಬಂದ ಎಂಡಿಸಿಕೆ ಕೋಶಗಳಲ್ಲಿ ಮಾನವ ಇನ್‌ಫ್ಲುಯೆಂಜಾದ ಹೆಚ್ಚಿನ ತಳಿಗಳು, ಪ್ರೋಟೀನನ್ನು ಸೀಳುವ ಟ್ರಿಪ್ಸಿನ್ ಕಿಣ್ವವನ್ನು ಸೇರಿಸದಿದ್ದರೆ, ಪ್ಲೇಕ್ ಮೂಡಿಸುವುದೇ ಇಲ್ಲ. ಇನ್ನು, ಅನುವಂಶಿಕ ವಸ್ತುವನ್ನು ವರ್ಧಿಸಿ ಪತ್ತೆಹಚ್ಚುವ ಪಿಸಿಆರ್ ಎಣಿಸುವುದು ಜೀನೋಮಿನ ಪ್ರತಿಗಳನ್ನು. ಅದರ ಫಲಿತಾಂಶವನ್ನು ಸೋಂಕುಕಾರಕ ಕಣಗಳ ಸಂಖ್ಯೆಯೆಂದು ಬರೆದಿರುವ ವರದಿ ಕಂಡರೆ ಎರಡು ಬಾರಿ ಓದುವುದು ಒಳ್ಳೆಯದು.

ಇಲಿಮನೆ ಅವರ ಉತ್ತರ:

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಪ್ರಾಣಿಗಳಲ್ಲಿ ರೋಗವನ್ನು ಅಧ್ಯಯನ ಮಾಡುವವರು ದಿನವೂ ಎದುರಿಸುವ ಪ್ರಶ್ನೆ ಅದೇ. ವೈರಸ್ಸಿನ ವೃದ್ಧಿ ಮತ್ತು ರೋಗ ಇವೆರಡರ ನಡುವೆ ಮೂರು ಬಾಗಿಲುಗಳಿವೆಯೆಂದು ತಿಳಿಯಿರಿ: ವೈರಸ್ ಯಾವ ಕೋಶವನ್ನು ಹೊಗಬಲ್ಲದು, ಹೊಕ್ಕ ಮೇಲೆ ಅಲ್ಲಿ ಬೆಳೆಯಲು ಕೋಶ ಬಿಡುತ್ತದೆಯೇ, ಬೆಳೆದಾಗ ದೇಹ ಹೇಗೆ ಪ್ರತಿಕ್ರಿಯಿಸುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಮೊದಲೆರಡನ್ನು ಪರೀಕ್ಷಿಸಬಹುದು; ಮೂರನೆಯದರ ಒಂದು ತುಣುಕು ಮಾತ್ರ ಅಲ್ಲಿರುತ್ತದೆ.

ಮೊದಲೆರಡನ್ನು ಬೇರ್ಪಡಿಸಿ ತೋರಿಸಿದ ವೈರಸ್ ಪೋಲಿಯೊ. ಜಾನ್ ಎಂಡರ್ಸ್, ಥಾಮಸ್ ವೆಲ್ಲರ್ ಮತ್ತು ಫ್ರೆಡೆರಿಕ್ ರಾಬಿನ್ಸ್ ಅವರು 1949ರಲ್ಲಿ ಅದನ್ನು ನರಕೋಶಗಳಲ್ಲದ ಮಾನವ ಅಂಗಾಂಶಗಳಲ್ಲಿ ಬೆಳೆಸುವವರೆಗೆ, ಅದು ನರಮಂಡಲದಲ್ಲಿ ಮಾತ್ರ ಬೆಳೆಯುವುದೆಂಬ ನಂಬಿಕೆ ಪ್ರಬಲವಾಗಿತ್ತು. ಈ ಕೆಲಸಕ್ಕೆ ಅವರಿಗೆ 1954ರ ನೊಬೆಲ್ ಪ್ರಶಸ್ತಿ ದೊರೆಯಿತು. ಆದರೆ ಆ ವೈರಸ್ ಸಾಮಾನ್ಯ ಇಲಿಯ ಕೋಶಗಳಿಗೆ ಸೋಂಕು ತಗಲಿಸುವುದಿಲ್ಲ. 1950ರ ದಶಕದ ಕೊನೆಯಲ್ಲಿ, ಪೋಲಿಯೊ ವೈರಸ್ಸಿನ ಹೊದಿಕೆಯನ್ನು ತೆಗೆದು ಅದರ ಆರ್‌ಎನ್‌ಎಯನ್ನಷ್ಟೇ ಇಂತಹ ಕೋಶಗಳಿಗೆ ಸೇರಿಸಿದಾಗ ಒಂದು ಸುತ್ತಿನ ವೃದ್ಧಿ ನಡೆದು ಹೊಸ ಕಣಗಳು ಹೊರಬಂದವು; ಆ ಕಣಗಳಿಗೆ ಮಾತ್ರ ಪಕ್ಕದ ಕೋಶವನ್ನು ಹೊಗಲು ಆಗಲಿಲ್ಲ. ಅಂದರೆ ಇಲಿಯ ಕೋಶದಲ್ಲಿ ವೃದ್ಧಿಗೆ ಬೇಕಾದುದೆಲ್ಲ ಇತ್ತು, ಪ್ರವೇಶಕ್ಕೆ ಬೇಕಾದ ಗ್ರಾಹಿ (ವೈರಸ್ ಅಂಟಿಕೊಳ್ಳುವ, ಕೋಶದ ಹೊರಮೈಯ ಪ್ರೋಟೀನ್) ಇರಲಿಲ್ಲ. ಸಿಡಿ155 ಎಂಬ ಆ ಗ್ರಾಹಿಯನ್ನು 1989ರಲ್ಲಿ ಗುರುತಿಸಲಾಯಿತು. ಬಳಿಕ ಮಾನವನ ಆ ವಂಶವಾಹಿಯನ್ನು ಪಡೆದ ಇಲಿಗಳು ಪೋಲಿಯೊ ಸೋಂಕಿಗೆ ಒಳಗಾಗಿ ಪಾರ್ಶ್ವವಾಯುವಿಗೆ ತುತ್ತಾದವು.

ಇಷ್ಟಕ್ಕೇ ನಿಲ್ಲಿಸಿದರೆ ಗ್ರಾಹಿಯೇ ಎಲ್ಲವನ್ನೂ ನಿರ್ಧರಿಸುತ್ತದೆಂದು ತೋರುತ್ತದೆ. ಹಾಗಿಲ್ಲ. ಆ ಗ್ರಾಹಿ ದೇಹದ ಅನೇಕ ಅಂಗಾಂಶಗಳಲ್ಲಿದ್ದರೂ ವೈರಸ್ ಅಲ್ಲೆಲ್ಲ ಬೆಳೆಯುವುದಿಲ್ಲ. ಗ್ರಾಹಿಯುಳ್ಳ ಇಲಿಗಳಲ್ಲಿ ಇಂಟರ್‌ಫೆರಾನ್‌ಗೆ (ಸೋಂಕಿತ ಕೋಶಗಳು ಹೊರಸೂಸಿ ಇತರ ಕೋಶಗಳನ್ನು ವೈರಸ್ ವಿರುದ್ಧ ಎಚ್ಚರಿಸುವ ಪ್ರೋಟೀನ್) ಸ್ಪಂದಿಸುವ ಶಕ್ತಿಯನ್ನೂ ತೆಗೆದುಹಾಕಿದಾಗ, ಮೊದಲು ಬೆಳೆಯದಿದ್ದ ಅಂಗಗಳಲ್ಲೂ ವೈರಸ್ ಬೆಳೆಯಿತು. ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ 1957ರಲ್ಲಿ ಕೋಳಿಮೊಟ್ಟೆಯ ಪೊರೆಯ ಮೇಲೆ ಕೆಲಸ ಮಾಡುತ್ತಾ ಇಂಟರ್‌ಫೆರಾನ್ ಕಂಡುಕೊಂಡಾಗ ಅದು ಒಂದು ಕುತೂಹಲದ ವಸ್ತುವಾಗಿತ್ತು. ಇಂದು, ವೈರಸ್ ಯಾವ ಅಂಗದಲ್ಲಿ ನೆಲೆಯೂರಬಲ್ಲದು ಎಂಬುದರ ವಿವರಣೆಯಲ್ಲಿ ಅದನ್ನು ಬಿಟ್ಟು ಮಾತನಾಡುವಂತಿಲ್ಲ. ಜೀಕಾ ವೈರಸ್ಸಿನ ಉದಾಹರಣೆಯೂ ಇದೇ ಮಾತನ್ನು ಹೇಳುತ್ತದೆ. ಅದರ ಎನ್‌ಎಸ್5 ಪ್ರೋಟೀನ್ ಮಾನವ ಕೋಶದಲ್ಲಿ ಇಂಟರ್‌ಫೆರಾನ್ ಸಂದೇಶವನ್ನು ಸಾಗಿಸುವ ಸ್ಟ್ಯಾಟ್2 ಎಂಬ ಪ್ರೋಟೀನನ್ನು ನಾಶಪಡಿಸುತ್ತದೆ, ಇಲಿಯ ಸ್ಟ್ಯಾಟ್2 ಅನ್ನು ನಾಶಪಡಿಸಲಾರದು. ಆರೋಗ್ಯವಂತ ವಯಸ್ಕ ಇಲಿಗಳು ಜೀಕಾಗೆ ಸುಲಭವಾಗಿ ಬಗ್ಗದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಈಗ ಮೂರನೆಯ ಬಾಗಿಲು, ಅಂದರೆ ದೇಹದ ಪ್ರತಿಕ್ರಿಯೆ. ಲಿಂಫೊಸೈಟಿಕ್ ಕೋರಿಯೊಮೆನಿಂಜೈಟಿಸ್ ಎಂಬ ವೈರಸ್ಸನ್ನು ವಯಸ್ಕ ಇಲಿಯ ಮಿದುಳಿಗೆ ಚುಚ್ಚಿದರೆ ಇಲಿ ಸುಮಾರು ಒಂದು ವಾರದಲ್ಲಿ ಸಾಯುತ್ತದೆ. ಅದೇ ಇಲಿಯ ಟಿ ಕೋಶಗಳನ್ನು (ಸೋಂಕಿತ ಕೋಶಗಳನ್ನು ಗುರುತಿಸಿ ಕೊಲ್ಲುವ ರೋಗನಿರೋಧಕ ಕೋಶಗಳು) ಮೊದಲೇ ನಾಶಪಡಿಸಿದ್ದರೆ, ವೈರಸ್ ಹೇರಳವಾಗಿ ಬೆಳೆದರೂ ಇಲಿ ಬದುಕುಳಿಯುತ್ತದೆ. ವೈರಸ್ ತಾನು ಹೊಕ್ಕ ಕೋಶಗಳನ್ನು ತಾನಾಗಿ ಕೊಲ್ಲುವುದಿಲ್ಲ. ಸೋಂಕಿತ ಕೋಶಗಳನ್ನು ನಿರ್ಮೂಲ ಮಾಡಲು ಬಂದ ಟಿ ಕೋಶಗಳ ದಾಳಿಯೇ ಮಾರಕವಾಗುತ್ತದೆ. ಗರ್ಭದಲ್ಲಿರುವಾಗಲೇ ಸೋಂಕು ಪಡೆದ ಇಲಿಮರಿಗಳಂತೂ ಈ ತೀವ್ರ ರೋಗವಿಲ್ಲದೆ ಜೀವನಪೂರ್ತಿ ರಕ್ತದಲ್ಲಿ ವೈರಸ್ ಹೊತ್ತು ತಿರುಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಮುಂದೆ ಮೂತ್ರಪಿಂಡದ ತೊಂದರೆ ಕಾಣಿಸಿಕೊಳ್ಳುವುದುಂಟು. ಅದಕ್ಕೂ ಕಾರಣ ವೈರಸ್ ಮತ್ತು ಪ್ರತಿಕಾಯಗಳು ಕೂಡಿ ಆದ ಸಂಕೀರ್ಣಗಳು ಅಲ್ಲಿ ಶೇಖರವಾಗುವುದು. ಟಿ ಕೋಶಗಳು ಸೋಂಕಿತ ಕೋಶವನ್ನು ಗುರುತಿಸುವ ಬಗೆಯನ್ನು ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಜಿಂಕರ್‌ನಾಗೆಲ್ ಬಿಡಿಸಿದ್ದು ಇದೇ ವೈರಸ್ಸಿನ ಮೂಲಕ; 1996ರ ನೊಬೆಲ್ ಪ್ರಶಸ್ತಿ ಅದಕ್ಕಾಗಿಯೇ ಬಂದದ್ದು. ನನ್ನ ದೃಷ್ಟಿಯಲ್ಲಿ ನಿಮ್ಮ ಸೆಮಿನಾರ್‌ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರೊಂದಿಲ್ಲ, ಏಕೆಂದರೆ ಇಲ್ಲಿ ವೈರಸ್ ಪ್ರಮಾಣವೂ ರೋಗದ ತೀವ್ರತೆಯೂ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ.

ತಟ್ಟೆಯ ಪರೀಕ್ಷೆಯಿಂದ ರೋಗದ ಸುಳಿವು ಸಿಗುವುದೇ ಇಲ್ಲವೆಂದಲ್ಲ. ಕೋಶಕೃಷಿಕ ಅವರು ಹೇಳಿದ ಟ್ರಿಪ್ಸಿನ್ ವಿಷಯವನ್ನೇ ನೋಡಿ. ಇನ್‌ಫ್ಲುಯೆಂಜಾದ ಹೆಮಾಗ್ಲುಟಿನಿನ್ ಪ್ರೋಟೀನ್ ಎರಡಾಗಿ ಸೀಳದಿದ್ದರೆ ವೈರಸ್ ಕೋಶದೊಳಗೆ ತೆರೆದುಕೊಳ್ಳಲಾರದು. ಸಾಮಾನ್ಯ ತಳಿಗಳಲ್ಲಿ ಆ ಸೀಳನ್ನು ಮಾಡಬಲ್ಲ ಕಿಣ್ವಗಳು ಮುಖ್ಯವಾಗಿ ಉಸಿರಾಟದ ನಾಳದಲ್ಲಿ, ಹಕ್ಕಿಗಳಾದರೆ ಕರುಳಿನಲ್ಲೂ, ಇರುವುದರಿಂದ ಸೋಂಕು ಅಲ್ಲಿಗೇ ಸೀಮಿತವಾಗುತ್ತದೆ. ಮಾರಕ ಹಕ್ಕಿಜ್ವರದ ಎಚ್5 ಮತ್ತು ಎಚ್7 ತಳಿಗಳಲ್ಲಿ ಸೀಳುವ ಜಾಗದಲ್ಲಿ ಹಲವು ಕ್ಷಾರೀಯ ಅಮೈನೊ ಆಮ್ಲಗಳು ಸಾಲಾಗಿರುವುದರಿಂದ, ಬಹುತೇಕ ಎಲ್ಲ ಕೋಶಗಳಲ್ಲೂ ಇರುವ ಫ್ಯೂರಿನ್ ಕಿಣ್ವವೇ ಆ ಕೆಲಸ ಮಾಡುತ್ತದೆ. ಕೋಳಿಯ ದೇಹವಿಡೀ ಸೋಂಕು ಹರಡುತ್ತದೆ. ಟ್ರಿಪ್ಸಿನ್ ಇಲ್ಲದೆಯೇ ತಟ್ಟೆಯಲ್ಲಿ ಪ್ಲೇಕ್ ಮೂಡಿಸುವ ತಳಿಯೆಂದರೆ ಎಚ್ಚರ ವಹಿಸಬೇಕಾದ ತಳಿ ಎಂಬ ಸೂಚನೆ ಬಂದದ್ದು ಇಲ್ಲಿಂದ.

ಫೇಜ್‌ಪ್ರಿಯ ಅವರ ಪ್ರತಿಕ್ರಿಯೆ:

ಇಲಿಮನೆ ಅವರ ಮಾತನ್ನು ಒಪ್ಪುತ್ತಲೇ ಒಂದು ಆಕ್ಷೇಪವನ್ನು ದಾಖಲಿಸುತ್ತೇನೆ. ಲಿಂಫೊಸೈಟಿಕ್ ಕೋರಿಯೊಮೆನಿಂಜೈಟಿಸ್ ವೈರಸ್ಸಿನ ಉದಾಹರಣೆ ಎಷ್ಟು ಆಕರ್ಷಕವೆಂದರೆ, ಕೇಳಿದವರು ವೈರಸ್ ಪ್ರಮಾಣಕ್ಕೆ ಬೆಲೆಯೇ ಇಲ್ಲವೆಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಎಚ್ಐವಿ ಸೋಂಕಿನಲ್ಲಿ ಆರಂಭಿಕ ಏರಿಳಿತ ಮುಗಿದ ಮೇಲೆ ರಕ್ತದಲ್ಲಿ ನೆಲೆಗೊಳ್ಳುವ ವೈರಸ್ ಪ್ರಮಾಣ ಹೆಚ್ಚಿದ್ದಷ್ಟೂ, ಚಿಕಿತ್ಸೆಯಿಲ್ಲದವರಲ್ಲಿ ರೋಗ ಬೇಗ ಉಲ್ಬಣಿಸುತ್ತದೆ ಎಂಬುದು 1990ರ ದಶಕದ ಮಧ್ಯಭಾಗದಲ್ಲೇ ಸ್ಪಷ್ಟವಾಯಿತು. ಪೋಲಿಯೊದಲ್ಲೂ ಬೆನ್ನುಹುರಿಯ ಚಾಲಕ ನರಕೋಶಗಳು ಸಾಯುವುದು ವೈರಸ್ ಅವುಗಳಲ್ಲೇ ವೃದ್ಧಿಯಾಗುವುದರಿಂದ. ಎಷ್ಟು ಬೆಳೆಯಿತು ಎಂಬ ಪ್ರಶ್ನೆಯ ಜೊತೆಗೆ ಎಲ್ಲಿ ಬೆಳೆಯಿತು ಎಂಬುದನ್ನೂ ಕೇಳಬೇಕು, ಅಷ್ಟೆ. ಪೋಲಿಯೊ ಸೋಂಕು ತಗಲಿದವರಲ್ಲಿ ಸುಮಾರು ಇನ್ನೂರಕ್ಕೆ ಒಬ್ಬರಲ್ಲಿ ಮಾತ್ರ ಪಾರ್ಶ್ವವಾಯು ಉಂಟಾಗುತ್ತದೆ. ಉಳಿದವರ ಕರುಳಿನಲ್ಲೂ ವೈರಸ್ ಚೆನ್ನಾಗಿಯೇ ಬೆಳೆದಿರುತ್ತದೆ.

ಹೊಸಓದು ಅವರ ಮರುಪ್ರಶ್ನೆ:

ಮೂವರಿಗೂ ಕೃತಜ್ಞತೆಗಳು. ಎರಡು ಚಿತ್ರಗಳ ವಿಷಯ ಈಗ ತಿಳಿಯಾಯಿತು, ಮತ್ತು ಸೆಮಿನಾರನ್ನು ಇಲಿಮನೆ ಅವರು ಹೇಳಿದ ಮೂರು ಹಂತಗಳ ಸುತ್ತ ಕಟ್ಟಬೇಕೆಂದು ನಿರ್ಧರಿಸಿದ್ದೇನೆ. ಇನ್ನೊಂದೇ ಸಂದೇಹ ಉಳಿದಿದೆ. ಯಾವುದೋ ರಾಸಾಯನಿಕ ಪ್ರಯೋಗಾಲಯದಲ್ಲಿ ವೈರಸ್ ವೃದ್ಧಿಯನ್ನು ತಡೆಯಿತು ಎಂಬ ವರದಿಗಳು ಆಗಾಗ ಬರುತ್ತವೆ. ಮೇಲಿನ ಚರ್ಚೆಯ ಬೆಳಕಿನಲ್ಲಿ ಅಂತಹ ವರದಿಯನ್ನು ಓದುವಾಗ ಮೊದಲು ಏನನ್ನು ಗಮನಿಸಬೇಕು?

ಕೋಶಕೃಷಿಕ ಅವರ ಉತ್ತರ:

ಮೊದಲು, ಆ ರಾಸಾಯನಿಕ ಕೋಶಗಳಿಗೇ ವಿಷವೇ ಎಂಬುದನ್ನು ಅದೇ ಪ್ರಮಾಣದಲ್ಲಿ, ಅದೇ ಅವಧಿಗೆ ಪರೀಕ್ಷಿಸಿದ್ದಾರೆಯೇ ನೋಡಿ. ಸಾಯುತ್ತಿರುವ ಕೋಶದಲ್ಲಿ ಯಾವ ವೈರಸ್ಸೂ ಸರಿಯಾಗಿ ಬೆಳೆಯದು; ಹಾಗಾಗಿ ಕೋಶವನ್ನು ಕೊಲ್ಲುವ ಯಾವುದೇ ವಸ್ತು ವೈರಸ್ ನಿರೋಧಕದಂತೆ ಕಾಣಬಲ್ಲದು. ಬಳಿಕ, ರಾಸಾಯನಿಕವನ್ನು ಬೇರೆ ಬೇರೆ ಹೊತ್ತಿನಲ್ಲಿ ಸೇರಿಸಿ ನೋಡಿದ್ದಾರೆಯೇ ಎಂದು ಹುಡುಕಿ. ಸೋಂಕಿಗೆ ಮುಂಚೆ ಹಾಕಿದಾಗ ಕೆಲಸ ಮಾಡಿ, ಎರಡು ಗಂಟೆಯ ನಂತರ ಹಾಕಿದಾಗ ನಿಷ್ಫಲವಾದರೆ ಅದು ತಡೆಯುತ್ತಿರುವುದು ಪ್ರವೇಶವನ್ನು. ತಡವಾಗಿ ಹಾಕಿದಾಗಲೂ ಫಲ ನೀಡಿದರೆ ಅದು ಜೀನೋಮಿನ ನಕಲನ್ನೋ ಜೋಡಣೆಯನ್ನೋ ಮುಟ್ಟುತ್ತಿದೆ. ಫೇಜ್‌ಪ್ರಿಯ ಅವರು ವಿವರಿಸಿದ ರೇಖೆಯ ನಿಜವಾದ ಉಪಯೋಗ ಇಲ್ಲಿ ಕಾಣಸಿಗುತ್ತದೆ.

ಮೂರನೆಯದಾಗಿ, ಮತ್ತು ನನ್ನ ಅನುಭವದಲ್ಲಿ ಹೆಚ್ಚು ಓದುಗರು ಹಾರಿಸಿಬಿಡುವ ಸಾಲು, ಯಾವ ಕೋಶವನ್ನು ಬಳಸಿದ್ದಾರೆ ಎಂಬುದು. ಆಫ್ರಿಕದ ಹಸಿರು ಕೋತಿಯ ಮೂತ್ರಪಿಂಡದಿಂದ 1962ರಲ್ಲಿ ಬೆಳೆಸಿದ ವೀರೊ ಕೋಶಗಳು ಎಷ್ಟೋ ಪ್ರಯೋಗಾಲಯಗಳ ಮೊದಲ ಆಯ್ಕೆ, ಏಕೆಂದರೆ ಅವುಗಳಲ್ಲಿ ಒಂದನೆಯ ಬಗೆಯ ಇಂಟರ್‌ಫೆರಾನ್‌ನ ವಂಶವಾಹಿಗಳು ಕಳೆದುಹೋಗಿರುವುದರಿಂದ ವೈರಸ್‌ಗಳು ಅಡೆತಡೆಯಿಲ್ಲದೆ ಬೆಳೆಯುತ್ತವೆ. ಬೆಳೆಸಲು ಅನುಕೂಲವಾದ ಈ ಗುಣವೇ, ದೇಹದಲ್ಲಿ ಏನಾಗುತ್ತದೆಂದು ಊಹಿಸಲು ಹೋದಾಗ ದೊಡ್ಡ ಕೊರತೆಯಾಗುತ್ತದೆ.

2020ರಲ್ಲಿ ಕ್ಲೋರೊಕ್ವಿನ್ ವಿಷಯದಲ್ಲಿ ಆದದ್ದನ್ನು ನೋಡಿ. ವೀರೊ ಕೋಶಗಳಲ್ಲಿ ಅದು ಸಾರ್ಸ್-ಕೋವ್-2 ಸೋಂಕನ್ನು ಸ್ಪಷ್ಟವಾಗಿ ತಡೆಯಿತು. ಆ ಕೋಶಗಳಲ್ಲಿ ವೈರಸ್ ಒಳಸೇರುವುದು ಮುಖ್ಯವಾಗಿ ಎಂಡೊಸೋಮ್ ಎಂಬ ಆಮ್ಲೀಯ ಚೀಲಗಳ ಮೂಲಕ. ಕ್ಲೋರೊಕ್ವಿನ್ ಆ ಆಮ್ಲೀಯತೆಯನ್ನು ತಗ್ಗಿಸುತ್ತದೆ. ಮಾನವ ಶ್ವಾಸಕೋಶದ ಮೂಲದ ಕ್ಯಾಲು-3 ಕೋಶಗಳಲ್ಲಿ ಅದೇ ಔಷಧಿ ಪರಿಣಾಮ ಬೀರಲಿಲ್ಲ. ಆ ಕೋಶಗಳ ಹೊರಮೈಯಲ್ಲಿ ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವವಿದ್ದು, ಅದು ವೈರಸ್ಸಿನ ಸ್ಪೈಕ್ ಪ್ರೋಟೀನನ್ನು ಅಲ್ಲಿಯೇ ಸೀಳುವುದರಿಂದ ವೈರಸ್ಸಿಗೆ ಎಂಡೊಸೋಮಿನ ದಾರಿ ಬೇಕಾಗುವುದಿಲ್ಲ. ಮುಂದೆ ಆಸ್ಪತ್ರೆಯಲ್ಲಿದ್ದ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಗಳಲ್ಲಿ, ಅದೇ ಗುಂಪಿಗೆ ಸೇರಿದ ಹೈಡ್ರಾಕ್ಸಿಕ್ಲೋರೊಕ್ವಿನ್ ಸಾವುಗಳನ್ನು ತಗ್ಗಿಸಲಿಲ್ಲ. ನಿಮ್ಮ ಸೆಮಿನಾರ್‌ನಲ್ಲಿ ಪ್ರವೇಶದ ಹಂತವನ್ನು ವಿವರಿಸುವಾಗ ಈ ಎರಡು ಬಗೆಯ ಕೋಶಗಳ ಫಲಿತಾಂಶಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸಿ. ಬೇರೆ ವಿವರಣೆಯ ಅಗತ್ಯ ಬೀಳಲಾರದು.